ನೀಲಿ ಫಲಕದ ಗದ್ಯ

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಬರಹಗಳಲ್ಲಿ ಜನರು ಹೆಚ್ಚಾಗಿ ಓದಿರುವುದು ಅದರ ಸಂಪುಟಗಳನ್ನಲ್ಲ, ನೀಲಿ ಫಲಕವನ್ನು. ಬೇಕಲ ಕೋಟೆಯಾಗಲಿ, ಸುಲ್ತಾನ್ ಬತ್ತೇರಿಯ ಜೈನ ಬಸದಿಯಾಗಲಿ, ಸಂರಕ್ಷಿತ ಸ್ಮಾರಕವೆಂದಮೇಲೆ 1958ರ ಕಾಯಿದೆಯ ಎಚ್ಚರಿಕೆ ತಪ್ಪದು: ಕೆಡಿಸಿದವರಿಗೆ ಸೆರೆವಾಸ, ದಂಡ. 2010ರ ತಿದ್ದುಪಡಿ ಇವನ್ನು ಎರಡು ವರ್ಷ, ಒಂದು ಲಕ್ಷ ರೂಪಾಯಿಯವರೆಗೆ ಏರಿಸಿತು. ಈ ಗದ್ಯ ಸಂಬೋಧಿಸುವುದು ಓದುಗನನ್ನಲ್ಲ, ಮುಂದೆ ಅಪರಾಧಿಯಾಗಬಹುದಾದವನನ್ನು. ನೂರು ಮೀಟರಿನೊಳಗೆ ಮನೆ ಕಟ್ಟಲಾಗದವರು ಇಲಾಖೆಯನ್ನು ಕಾವಲುಗಾರನೆಂದಷ್ಟೇ ಬಗೆದರೆ ಆಶ್ಚರ್ಯವೇನು?

ದೆಹಲಿಯ ತಿಲಕ್ ಮಾರ್ಗದಲ್ಲಿ 2018ರಲ್ಲಿ ಉದ್ಘಾಟನೆಗೊಂಡ ಕೇಂದ್ರ ಕಚೇರಿ ಧರೋಹರ್ ಭವನದಲ್ಲಿ ಸುಮಾರು ಒಂದೂವರೆ ಲಕ್ಷ ಗ್ರಂಥಗಳಿವೆ. ಹೊರಗಿನವರ ಕಲ್ಪನೆಯಲ್ಲಿ ಮಾತ್ರ ಅದು ಅನುಮತಿಪತ್ರಗಳ ಮನೆ.

ಆದರೆ ಇದು ಮೂಲತಃ ಓದುವ ಸಂಸ್ಥೆಯೂ ಹೌದು. ಗಡಿನಾಡ ಕನ್ನಡಿಗರಿಗೆ ದೆಹಲಿಗಿಂತ ಹತ್ತಿರವಾದದ್ದು ಅದರ ಶಾಸನಶಾಖೆ. 1966ರಲ್ಲಿ ಮೈಸೂರಿಗೆ ಬರುವವರೆಗೆ ಅದು ನೀಲಗಿರಿಯ ಉದಕಮಂಡಲದಲ್ಲಿತ್ತು. ಹಳೆಯ ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟ ಕನ್ನಡ ಲಿಪಿಯಲ್ಲೇ ಮುದ್ರಿಸಿದೆ. ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಗಳು ಆ ಪ್ರಾಂತದವೇ. ಟಿಪ್ಪಣಿಗಳು ಮಾತ್ರ ಇಂಗ್ಲಿಷಿನವು, ಸಂಪುಟ ಸಿಗುವುದು ವಿಶ್ವವಿದ್ಯಾಲಯಗಳ ಕಪಾಟಿನಲ್ಲಿ.

ಸ್ಮಾರಕದ ಬಳಿ ಪರಿಚಯಫಲಕವಿದ್ದರೂ ಅದು ಸಾಮಾನ್ಯವಾಗಿ ರಾಜವಂಶ, ಶೈಲಿ, ಶತಮಾನಗಳಲ್ಲೇ ಮುಗಿಯುತ್ತದೆ. ಯಾರು ಯಾರಿಗೆ ಎಷ್ಟು ಗದ್ದೆ ಬಿಟ್ಟರು, ಯಾವ ಕೆರೆಗೆ, ಎಂಬುದು ಕಲ್ಲಿನಲ್ಲೇ ಉಳಿಯುತ್ತದೆ. ದಂಡದ ಮೊತ್ತಕ್ಕೆ ಫಲಕದಲ್ಲಿ ಜಾಗವಿದೆ. ಇಲಾಖೆಯೇ ಓದಿ ಅಚ್ಚುಹಾಕಿದ ಎರಡು ಸಾಲಿಗೆ, ಕನ್ನಡದಲ್ಲೂ ಆಯಾ ರಾಜ್ಯಭಾಷೆಯಲ್ಲೂ, ಜಾಗ ಸಾಲದೇ?