ಕೋಶವೂ ದಂಡವೂ: ಒಂದು ಯೋಜನಾಗ್ರಂಥದ ವಿಮರ್ಶೆ

ಮೈಸೂರು ಸೀಮೆಯಿಂದ ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಎರಡು ಅರ್ಥಶಾಸ್ತ್ರಗಳು ಲೋಕಕ್ಕೆ ಬಂದುವು. ಒಂದು, ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯಪುಸ್ತಕಾಲಯದ ತಾಳೆಯೋಲೆಯ ಪ್ರತಿಯನ್ನು ಶೋಧಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಗ್ರಂಥ. ಮತ್ತೊಂದು, ಸರ್ ಎಂ. ವಿಶ್ವೇಶ್ವರಯ್ಯನವರು 1934ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ’. ಮೊದಲನೆಯದನ್ನು ಪಂಡಿತರೂ ಎರಡನೆಯದನ್ನು ಇಂಜಿನಿಯರುಗಳೂ ಓದುವುದು ವಾಡಿಕೆ. ಎರಡನ್ನೂ ಒಂದೇ ವ್ಯಾಸಪೀಠದ ಮೇಲಿಟ್ಟು ನೋಡಿದರೆ ಎರಡನೆಯದರ ಬಲವೂ ಅದರ ಮುಖ್ಯವಾದ ನ್ಯೂನತೆಯೂ ಸ್ಫುಟವಾಗುವುವು.

ವಿಶ್ವೇಶ್ವರಯ್ಯನವರ ಉದ್ದೇಶವು ಸರಳವಾದುದು: ಹತ್ತು ವರ್ಷಗಳ ಯೋಜನೆಯಿಂದ ದೇಶದ ಆದಾಯವನ್ನು ಇಮ್ಮಡಿಮಾಡುವುದು, ಅದಕ್ಕಾಗಿ ಬೇಸಾಯವೊಂದನ್ನೇ ನಂಬಿರುವ ಜನರನ್ನು ಕೈಗಾರಿಕೆಗಳ ಕಡೆಗೆ ತಿರುಗಿಸುವುದು. ಅವರ ಶೈಲಿಯಲ್ಲಿ ಅಲಂಕಾರವಿಲ್ಲ. ಇರಬೇಕೆಂಬ ಆಸೆಯೂ ಅವರಿಗಿಲ್ಲ. ಮಾತಿನ ಹಿಂದೆ ಅನುಭವವಿದೆ. 1912ರಿಂದ 1918ರವರೆಗೆ ದಿವಾನಗಿರಿ ನಡೆಸಿದವರು, 1923ರಲ್ಲಿ ಉತ್ಪಾದನೆಗೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದ ದಿನಗಳಲ್ಲಿ ಹೊತ್ತು ನಿಂತವರು ಬರೆದ ಪುಸ್ತಕವಿದು. ಕುರ್ಚಿಯಲ್ಲಿ ಕುಳಿತು ಹೆಣೆದ ಸಿದ್ಧಾಂತವೆಂದು ಇದನ್ನು ಯಾರೂ ತಳ್ಳಿಹಾಕಲಾರರು.

ಆದರೆ ಗ್ರಂಥದ ತೂಕವೆಲ್ಲ ಕೋಶದ ಕಡೆಗೇ ಬಿದ್ದಿರುವುದು. ಕೌಟಿಲ್ಯನು ಗಣಿಯಿಂದ ಕೋಶವೂ ಕೋಶದಿಂದ ದಂಡವೂ ಹುಟ್ಟುವುದೆಂದು ಬಿಚ್ಚಿ ಹೇಳುತ್ತಾನೆ. ಆಕರಾಧ್ಯಕ್ಷನನ್ನೂ, ಉಳುಮೆಯ ಸೀತಾಧ್ಯಕ್ಷನನ್ನೂ, ಆಯುಧಾಗಾರಾಧ್ಯಕ್ಷನನ್ನೂ ಒಂದೇ ಅಧಿಕರಣದಲ್ಲಿ ಕೂರಿಸುತ್ತಾನೆ. ಸೈನ್ಯದ ವಿಪತ್ತೇ ದೊಡ್ಡದೆಂದ ಕೌಣಪದಂತನನ್ನು ಖಂಡಿಸಿ, ಬೊಕ್ಕಸವಿಲ್ಲದ ಸೈನ್ಯವು ಶತ್ರುವಿನ ಪಾಲಾಗುವುದು ಇಲ್ಲವೆ ತನ್ನ ಒಡೆಯನನ್ನೇ ಕೊಲ್ಲುವುದು ಎನ್ನುತ್ತಾನೆ. ಅವನ ಮಾತು ಕಠೋರವಾದರೂ ಮುಚ್ಚುಮರೆಯಿಲ್ಲ. ಕಬ್ಬಿಣ, ವಿದ್ಯುಚ್ಛಕ್ತಿ, ಮೋಟಾರು, ಶಿಲ್ಪವಿದ್ಯಾಶಾಲೆ, ಜನಗಳ ಮತ್ತು ಪದಾರ್ಥಗಳ ಅಂಕಿ ಅಂಶಗಳು—ಯೋಜನೆಯ ಈ ಉಪಕರಣಗಳೇ ಯುದ್ಧದ ಉಪಕರಣಗಳೂ ಆಗುವುವೆಂಬುದನ್ನು ಅವನ ಶಿಷ್ಯರಾದವರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ.

ಗ್ರಂಥವು ಹೊರಬಂದ ದಶಕವೇ ಇದಕ್ಕೆ ಸಾಕ್ಷಿ. ರಷ್ಯಾ ದೇಶವು 1928ರಲ್ಲಿ ಪಂಚವಾರ್ಷಿಕ ಯೋಜನೆಯನ್ನು ಆರಂಭಿಸಿ ಸ್ಟಾಲಿನ್‌ಗ್ರಾಡಿನಲ್ಲಿ ಉಳುವ ಟ್ರಾಕ್ಟರುಗಳಿಗೆಂದು ಕಟ್ಟಿದ ಕಾರ್ಖಾನೆಯಲ್ಲಿ ಎರಡನೆಯ ಮಹಾಯುದ್ಧಕಾಲಕ್ಕೆ ಟ್ಯಾಂಕುಗಳು ತಯಾರಾದುವು. ಜರ್ಮನಿಯು 1936ರಲ್ಲಿ ಹೂಡಿದ ನಾಲ್ಕು ವರ್ಷಗಳ ಯೋಜನೆಗಂತೂ ಯುದ್ಧಸಿದ್ಧತೆಯೇ ಗುರಿಯಾಗಿದ್ದಿತು. ಒಂದರಲ್ಲಿ ನೇಗಿಲು ಮುಂದೆ, ಕತ್ತಿ ಹಿಂದೆ. ಮತ್ತೊಂದರಲ್ಲಿ ಕತ್ತಿಯೇ ಮುಂದೆ. ಕುಲುಮೆ ಮಾತ್ರ ಎರಡಕ್ಕೂ ಒಂದೇ.

ಮೈಸೂರಿನ ಕಥೆ ಇದಕ್ಕಿಂತ ವಿಚಿತ್ರವಾದುದು. ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು ವಿಶ್ವೇಶ್ವರಯ್ಯನವರು ಉದ್ಯಮಿ ವಾಲ್‌ಚಂದ್ ಹೀರಾಚಂದರೊಡನೆ ವರ್ಷಗಟ್ಟಲೆ ಶ್ರಮಿಸಿದರು. ಭಾರತ ಸರ್ಕಾರದ ಆನುಕೂಲ್ಯವಿಲ್ಲದೆ ಅದು ಕೈಗೂಡಲಿಲ್ಲ. ಸಾಮಾನ್ಯ ಜನರ ಸಂಚಾರಕ್ಕೆ ಬೇಕಾದುದಕ್ಕೆ ಈ ಗತಿ. ಯುದ್ಧವು ಹೊತ್ತಿಕೊಂಡ ಮೇಲೆ, ಅದೇ ವಾಲ್‌ಚಂದರೂ ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಮೈಸೂರು ಸರ್ಕಾರವೂ ಕೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಮರುವರ್ಷವೇ ಭಾರತ ಸರ್ಕಾರವು ಪಾಲುದಾರನಾಯಿತು. ಆ ವರ್ಷವೇ ಅಲ್ಲಿ ಜೋಡಿಸಿದ ಹಾರ್ಲೋ ಎಂಬ ಶಿಕ್ಷಣವಿಮಾನವು ಹಾರಿತು. 1942ರಲ್ಲಿ ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನೂ ಆ ಸರ್ಕಾರವೇ ವಹಿಸಿಕೊಂಡಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ವಾಯುಸೇನೆಯ ಕೈಗೆ ಹೋಗಿ ಅದರ ವಿಮಾನಗಳ ರಿಪೇರಿಗೆ ನಿಂತಿತು. ಮೈಸೂರು ಸರ್ಕಾರದ ಪಾಲು ಉಳಿಯಿತು, ಮಾತು ಉಳಿಯಲಿಲ್ಲ.

ವಿಮರ್ಶಕನು ಬೆರಳಿಡಬೇಕಾದ ಸ್ಥಳ ಇದೇ. ರಾಜ್ಯದ ಸಪ್ತಾಂಗಗಳಲ್ಲಿ ಸ್ವಾಮಿಯೇ ಮೊದಲನೆಯವನು. ಕೋಶವೂ ದಂಡವೂ ಅವನ ಹಿಂದೆ ಬರುವುವು. ಪರಾಧೀನ ದೇಶದಲ್ಲಿ ಯೋಜನೆಯು ಪೂರ್ಣಫಲವನ್ನು ಕೊಡಲಾರದೆಂಬುದು ವಿಶ್ವೇಶ್ವರಯ್ಯನವರಂಥ ಅನುಭವಿಗಳಿಗೆ ತಿಳಿಯದುದಲ್ಲ. ಆದರೂ ಜನಪದವನ್ನೂ ಕೋಶವನ್ನೂ ಅಷ್ಟು ವಿಸ್ತಾರವಾಗಿ ಅಳೆದ ಲೇಖನಿಯು, ಸಿದ್ಧವಾದ ಕಾರ್ಖಾನೆಗೆ ಆಪತ್ಕಾಲದಲ್ಲಿ ಆಜ್ಞೆಮಾಡುವವರು ಯಾರೆಂಬ ಪ್ರಶ್ನೆಯನ್ನು ಅಷ್ಟೇ ವಿಸ್ತಾರವಾಗಿ ಬಿಡಿಸಿದ್ದರೆ, ಗ್ರಂಥವು ಬೇರೊಂದು ಎತ್ತರಕ್ಕೆ ಏರುತ್ತಿದ್ದಿತು. ಹಿಂದಿನ ಯುದ್ಧವೇ ಪಾಠ ಹೇಳಿತ್ತಲ್ಲ! 1914ರಲ್ಲಿ ಜರ್ಮನಿಗೆ ಗಂಧದ ಮರ ಹೋಗುವುದು ನಿಂತುದರಿಂದಲೇ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಹುಟ್ಟಿದುದು. ಆಗ ದಿವಾನರು ಇವರೇ.

ತಾಯಲೂರು, ಮುಳಬಾಗಿಲು ಕಡೆಯ ಮನೆಗಳಿಗೆ ಈ ವಿಚಾರವು ದೂರದ್ದಲ್ಲ. 1902ರಲ್ಲಿ ಮೈಸೂರು ಸರ್ಕಾರವು ಶಿವನಸಮುದ್ರದ ನೀರಿನ ಶಕ್ತಿಯನ್ನು ತೊಂಬತ್ತು ಮೈಲಿಗಳಿಗೂ ಮೇಲ್ಪಟ್ಟು ತಂತಿಯಲ್ಲಿ ಹರಿಯಿಸಿ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿತು. ಶಕ್ತಿ ರಾಜ್ಯದ್ದು, ದುಡಿಮೆ ಕೂಲಿಗಳದು. ಚಿನ್ನವು ಇಂಗ್ಲಿಷ್ ಕಂಪೆನಿಗಳದು, ರಾಜ್ಯಕ್ಕೆ ದಕ್ಕಿದುದು ರಾಜಧನ. ಆಕರವಿದ್ದರೂ ಸ್ವಾಮ್ಯವಿಲ್ಲದಿದ್ದರೆ ಕೋಶವು ಎಲ್ಲಿಗೆ ಸೇರುವುದೆಂಬುದನ್ನು ಇಲ್ಲಿಯವರಿಗೆ ಶಾಸ್ತ್ರವು ಕಲಿಸಬೇಕಾಗಿರಲಿಲ್ಲ.

ಆ ಗಣಿಗಳು 1956ರಲ್ಲಿ ಸರ್ಕಾರದ ವಶವಾಗಿ, 2001ರ ಫೆಬ್ರವರಿ 28ರಂದು ಮುಚ್ಚಿದುವು. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಕಾರ್ಖಾನೆಯೊಂದು ಅದೇ ಊರಿನಲ್ಲಿದೆ. ಆ ಸಂಸ್ಥೆಯಲ್ಲಿ ನೆಲ ಅಗೆಯುವ ಯಂತ್ರಗಳೂ ತಯಾರಾಗುವುವು, ಸೇನೆಯ ವಾಹನಗಳೂ ತಯಾರಾಗುವುವು. ಇದರ ರೈಲುಗಾಡಿಯ ವಿಭಾಗವು ಬಂದುದು ಮೇಲೆ ಹೇಳಿದ ವಿಮಾನದ ಕಾರ್ಖಾನೆಯಿಂದಲೇ. ಯುದ್ಧ ಮುಗಿದ ಬಳಿಕ ಅಲ್ಲಿ ಪ್ರಯಾಣಿಕರ ಗಾಡಿಗಳನ್ನು ಕಟ್ಟುತ್ತಿದ್ದರು. ಈಗ ಸ್ವಾಮಿಸ್ಥಾನದಲ್ಲಿರುವುದು ಪ್ರಜೆಗಳು ಆರಿಸಿದ ಸರ್ಕಾರ. ಒಂದೇ ಕುಲುಮೆಯಿಂದ ಜನಪದಕ್ಕೆ ಎಷ್ಟು, ದಂಡಕ್ಕೆ ಎಷ್ಟು ಎಂಬ ಲೆಕ್ಕವನ್ನು ಕೇಳುವ ಅಧಿಕಾರವು ಓದುಬರಹ ಬಲ್ಲ ಪ್ರತಿಯೊಂದು ಮನೆಗೂ ಇದೆ. 1934ರ ಗ್ರಂಥವನ್ನು ಮತ್ತೆ ಕೈಗೆತ್ತಿಕೊಳ್ಳುವವರು ಅರ್ಥಶಾಸ್ತ್ರದ ಎಂಟನೆಯ ಅಧಿಕರಣವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.