ಗಿರಣಗಾಂವ ಮತ್ತು ‘ಖಾಲಿ ಜಾಗ’

ಜೀರ್ಣೋದ್ಧಾರವೆಂಬುದು ನಮಗೆ ಅಪರಿಚಿತವಾದ ಕಲ್ಪನೆಯಲ್ಲ. ದೇವಾಲಯವೊಂದನ್ನು ಬಿಚ್ಚಿ ಕಟ್ಟಬೇಕಾದಾಗ ದೇವರನ್ನು ಕೆಲಕಾಲ ಬಾಲಾಲಯದಲ್ಲಿರಿಸಿ, ಕಾರ್ಯ ಮುಗಿದ ಮೇಲೆ ಮರಳಿ ಗರ್ಭಗುಡಿಯಲ್ಲಿ ಪ್ರತಿಷ್ಠಾಪಿಸುವುದು ಸಂಪ್ರದಾಯ. ಗೋಡೆ ಹೊಸತಾಗಬಹುದು, ಶಿಖರ ಹೊಸತಾಗಬಹುದು. ಯಾರಿಗಾಗಿ ಆ ಗುಡಿ ನಿಂತಿತ್ತೋ ಅವರೇ ಇಲ್ಲವಾದರೆ ಅದನ್ನು ಯಾರೂ ಜೀರ್ಣೋದ್ಧಾರವೆಂದು ಕರೆಯಲಾರರು. ನಗರಗಳ ಹಳೆಯ ವಸತಿಗಳ ವಿಷಯದಲ್ಲಿ ಮಾತ್ರ ಈ ವಿವೇಕವು ನಮ್ಮನ್ನು ಬಿಟ್ಟುಹೋದಂತಿದೆ. ಮುಂಬಯಿಯ ಗಿರಣಗಾಂವಿನ ಉದಾಹರಣೆಯಿಂದ ಈ ಮಾತನ್ನು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರೇಲ, ಲಾಲಬಾಗ, ವರಳಿ, ನಾಯಗಾಂವ ಮೊದಲಾದ ಪೇಟೆಗಳು ಸೇರಿ ಗಿರಣಗಾಂವವೆನಿಸಿದವು. 1854ರಲ್ಲಿ ಕಾವಸಜೀ ನಾನಾಭಾಯಿ ದಾವರ್ ಅವರು ಸ್ಥಾಪಿಸಿದ ನೂಲಿನ ಕಂಪನಿಯಿಂದ ಮುಂಬಯಿಯ ಗಿರಣಿಗಳ ಇತಿಹಾಸ ತೊಡಗುತ್ತದೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರವನ್ನು ವಿಧಿವತ್ತಾಗಿ ಹಿಂತೆಗೆದುಕೊಂಡದ್ದೇ ಇಲ್ಲ. ಗಿರಣಿಗಳು ಮಾತ್ರ ಒಂದೊಂದಾಗಿ ನಿಂತವು. ಯಂತ್ರಗಳನ್ನು ನವೀಕರಿಸದೆ ಹೋದುದು, ವಿದ್ಯುತ್ ಮಗ್ಗಗಳ ಪೈಪೋಟಿ, ನೂಲಿಗಿಂತ ನೆಲಕ್ಕೆ ಹೆಚ್ಚಿದ ಬೆಲೆ ಇವೆಲ್ಲವೂ ಕಾರಣಗಳೇ. ಹೀಗೆ ನಗರದ ನಡುವೆ ಸುಮಾರು 600 ಎಕರೆ ಗಿರಣಿಭೂಮಿಯು ಮುಂದೇನೆಂಬ ಪ್ರಶ್ನೆಯನ್ನು ಎದುರಿಸಿ ನಿಂತಿತು.

ಈ ಪ್ರಶ್ನೆಗೆ ಸಂಬಂಧಿಸಿದ ಎರಡು ಬರಹಗಳನ್ನು ಒಟ್ಟಿಗೆ ಓದಬೇಕು. ಒಂದು, ಮುಂಬಯಿಯ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೆಯ ನಿಯಮ. ಇನ್ನೊಂದು, ಮೀನಾ ಮೆನನ್ ಮತ್ತು ನೀರಾ ಆಡಾರಕರ ಅವರು ಗಿರಣಿ ಕಾರ್ಮಿಕರ ಬಾಯಿಮಾತುಗಳನ್ನು ಸಂಗ್ರಹಿಸಿ 2004ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಒನ್ ಹಂಡ್ರೆಡ್ ಇಯರ್ಸ್, ಒನ್ ಹಂಡ್ರೆಡ್ ವಾಯ್ಸಸ್’ ಎಂಬ ಗ್ರಂಥ. ಮೊದಲನೆಯದು ಸರಕಾರದ ಶುಷ್ಕ ಗದ್ಯ, ಎರಡನೆಯದು ನೆನಪುಗಳ ಸಂಪುಟ. ಎರಡರ ವಸ್ತುವೂ ಒಂದೇ ನೆಲ.

1991ರ ನಿಯಮದ ತಾತ್ಪರ್ಯವು ಸ್ಥೂಲವಾಗಿ ಹೀಗಿತ್ತು: ಗಿರಣಿಯ ಭೂಮಿಯನ್ನು ಅಭಿವೃದ್ಧಿಗೊಳಿಸುವಾಗ ಮೂರರಲ್ಲೊಂದು ಪಾಲು ಉದ್ಯಾನಾದಿಗಳಿಗಾಗಿ ನಗರಪಾಲಿಕೆಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ, ಉಳಿದುದು ಮಾಲಿಕರಿಗೆ. 1996ರಲ್ಲಿ ನೇಮಕಗೊಂಡ ಚಾರ್ಲ್ಸ್ ಕೊರೆಯಾ ಸಮಿತಿಯಾದರೋ ಬಿಡಿಬಿಡಿ ಭೂಮಿಗಳನ್ನು ಒಂದುಗೂಡಿಸಿ ಯೋಚಿಸಬೇಕೆಂದಿತು. ಹಾಗಾದಲ್ಲಿ ರಸ್ತೆ, ಬಯಲು, ವಸತಿಗಳು ಪರಸ್ಪರ ಕೂಡಿಕೊಳ್ಳುತ್ತಿದ್ದವು. 2001ರಲ್ಲಿ ನಿಯಮವು ತಿದ್ದುಪಡಿಗೊಂಡಿತು. ಹಂಚಿಕೆಯು ಇನ್ನು ಗಿರಣಿಯ ಸಮಗ್ರ ಭೂಮಿಗಲ್ಲ, ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಎಂದಾಯಿತು. ಗಿರಣಿಯ ಆವರಣದಲ್ಲಿ ಬಹುಭಾಗವನ್ನು ಶೆಡ್ಡುಗಳೇ ಆಕ್ರಮಿಸಿರುವುದರಿಂದ, ಸಾರ್ವಜನಿಕರ ಪಾಲು ಅತ್ಯಲ್ಪಕ್ಕೆ ಇಳಿಯಿತು. ಮುಂಬಯಿ ಉಚ್ಚ ನ್ಯಾಯಾಲಯವು 2005ರಲ್ಲಿ ಇದಕ್ಕೆ ವಿರುದ್ಧವಾಗಿ ತೀರ್ಪಿತ್ತರೂ, 2006ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತಿದ್ದುಪಡಿಯನ್ನು ಎತ್ತಿಹಿಡಿಯಿತು.

ತಿದ್ದುಪಡಿಯ ಪರವಾಗಿಯೂ ವಾದವಿಲ್ಲದಿರಲಿಲ್ಲ. ಲಾಭವಿಲ್ಲದೆ ಯಾವ ಮಾಲಿಕನೂ ಮುಂದೆ ಬರಲಾರ, ಭೂಮಿ ಮಾರಾಟವಾಗದೆ ಕಾರ್ಮಿಕರ ಬಾಕಿಯೂ ತೀರಲಾರದು ಎಂಬುದು ನಿರಾಕರಿಸತಕ್ಕ ಮಾತಲ್ಲ. ಆಕ್ಷೇಪಣೆಯು ಲಾಭದ ಬಗೆಗಲ್ಲ, ‘ಖಾಲಿ’ ಎಂಬ ಶಬ್ದದ ಅರ್ಥವ್ಯಾಪ್ತಿಯ ಬಗೆಗೆ. ನಿಯಮವು ಎರಡನ್ನೇ ಬಲ್ಲದು: ಕಟ್ಟಡ ಮತ್ತು ಕಟ್ಟಡವಿಲ್ಲದ ನೆಲ. ಆ ನೆಲದ ಸುತ್ತ ನೇಯ್ದುಕೊಂಡಿದ್ದ ಬಾಳ್ವೆಗೆ ಅದರಲ್ಲಿ ಹೆಸರೇ ಇಲ್ಲ.

ಆ ಹೆಸರನ್ನು ಕೊಡುವುದೇ ಮೆನನ್–ಆಡಾರಕರ ಗ್ರಂಥದ ಹಿರಿಮೆ. ಪಾಳಿಯ ಪ್ರಕಾರ ಸರದಿಯಾಗಿ ಮಲಗುತ್ತಿದ್ದ ಚಾಳಿನ ಕೋಣೆ, ಅಣ್ಣಾಭಾವು ಸಾಠೆ, ಅಮರ ಶೇಖರಂತಹ ಶಾಹೀರರು ಹಾಡಿದ ಪರಂಪರೆ, ಸಂಯುಕ್ತ ಮಹಾರಾಷ್ಟ್ರ ಚಳವಳಿ ಇವೆಲ್ಲವೂ ಗಿರಣಿಯ ಕೂಲಿಯನ್ನೇ ಆಧರಿಸಿ ನಿಂತಿದ್ದವು. ಖಾನಾವಳಿಯನ್ನೇ ನೋಡೋಣ. ಹುಬ್ಬಳ್ಳಿ–ಧಾರವಾಡದ ನಮ್ಮವರಿಗೆ ಮನೆಮಾತಾದ ಈ ಶಬ್ದವು ಇಲ್ಲಿ, ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದ ಹೆಂಗಸರ ಉದ್ಯೋಗವನ್ನು ಸೂಚಿಸುತ್ತಿತ್ತು. ಸಾಹುಕಾರರ ಬಡ್ಡಿಯಿಂದ ಅವರನ್ನು ಬಿಡಿಸಲೆಂದು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಗಿರಣಿ ನಿಂತಾಗ ಕೂಲಿ ನಿಂತಿತು. ಕೂಲಿ ನಿಂತಾಗ ಈ ಒಲೆಗಳೂ ಆರತೊಡಗಿದವು. ಯಾವ ಭೂಮಾಪಕನ ನಕ್ಷೆಯಲ್ಲಿಯೂ ಖಾನಾವಳಿಯು ಕಟ್ಟಡವೂ ಅಲ್ಲ, ಖಾಲಿ ಜಾಗವೂ ಅಲ್ಲ.

ಆದರೆ ಹಳೆಯ ಗಿರಣಗಾಂವವನ್ನು ಸ್ವರ್ಗವೆಂದು ಭಾವಿಸುವುದೂ ಸಲ್ಲದು. ಗ್ರಂಥದ ಬಹುಪಾಲು ಧ್ವನಿಗಳು ಚಳವಳಿಯಿಂದ ಬಂದವು. ಚಳವಳಿಯ ನೆನಪಿಗೆ ತನ್ನ ತಪ್ಪುಗಳಿಗಿಂತ ತನ್ನ ಮೆರವಣಿಗೆಗಳೇ ಹೆಚ್ಚು ಸ್ಪಷ್ಟ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಾಗುತ್ತಿದ್ದ ಕಾರಣವನ್ನು ಮುಂದೊಡ್ಡಿ, ಹೆಚ್ಚು ಕೂಲಿಯ ನೇಯ್ಗೆ ವಿಭಾಗದಿಂದ ಅಸ್ಪೃಶ್ಯ ಕಾರ್ಮಿಕರನ್ನು ದೂರವಿರಿಸಲಾಗಿತ್ತು. 1928ರ ಮುಷ್ಕರದ ಸಂದರ್ಭದಲ್ಲಿ ಡಾ. ಅಂಬೇಡಕರರು ಇದನ್ನೇ ಎತ್ತಿ ಪ್ರಶ್ನಿಸಿದ್ದರು. ಆದುದರಿಂದ ಹಳೆಯದನ್ನು ಇದ್ದಂತೆಯೇ ಮರಳಿ ತರುವುದು ಪುನರುಜ್ಜೀವನದ ಆದರ್ಶವಾಗಲಾರದು. ಅಲ್ಲಿದ್ದ ಜನರಿಗೆ ಮೊದಲಿಗಿಂತ ನ್ಯಾಯವಾದ ನೆಲೆ ದೊರೆಯುವುದೇ ಅದರ ಒರೆಗಲ್ಲು.

ಈ ಒರೆಗಲ್ಲಿನಲ್ಲಿ ಉಜ್ಜಿದಾಗ ಬಣ್ಣ ಬಯಲಾಗುತ್ತದೆ. ಹಣವೇನೋ ಬಂದಿತು: 2005ರಲ್ಲಿ ಸುಮಾರು 17 ಎಕರೆಯ ಒಂದೇ ಗಿರಣಿಭೂಮಿಯು 702 ಕೋಟಿ ರೂಪಾಯಿಗೆ ಮಾರಾಟವಾಯಿತು. ಗೋಪುರಗಳೂ ಮಳಿಗೆಗಳೂ ಎದ್ದವು. ಆದರೆ ಹಂಚಿಕೆಯಲ್ಲಿ ದೊರೆತ ನೆಲದ ಮೇಲೆ ಕಾರ್ಮಿಕರಿಗಾಗಿ ಕಟ್ಟಿದ ಮನೆಗಳಲ್ಲಿ 2012ರ ಚೀಟಿ ಎತ್ತುವಿಕೆಯಲ್ಲಿ ದೊರೆತವು 6,925. ಅರ್ಜಿದಾರರಾದರೋ ಒಂದೂವರೆ ಲಕ್ಷದ ಸಮೀಪ. ಅನಂತರದ ಮನೆಗಳಲ್ಲಿ ಕೆಲವನ್ನು ಪನವೇಲದ ಬಳಿಯ ಕೋನ್‌ನಲ್ಲಿ ತೋರಿಸಲಾಯಿತು. ಪ್ರತಿಯೊಂದು ಆವರಣವನ್ನೂ ಬೇರೆಬೇರೆಯಾಗಿ ಬೆಳೆಯಗೊಟ್ಟುದರಿಂದ ರಸ್ತೆ, ಸೇತುವೆಗಳ ಹೊಣೆ ಯಾರದೂ ಆಗದೆ ಉಳಿಯಿತು. 2017ರ ಸೆಪ್ಟೆಂಬರ್ 29ರಂದು ಆಗಿನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯ ನೂಕುನುಗ್ಗಲಿನಲ್ಲಿ 23 ಜನ ಮಡಿದರು. ಮೂರೇ ತಿಂಗಳಲ್ಲಿ, ಡಿಸೆಂಬರ್ 29ರಂದು, ಕಮಲಾ ಮಿಲ್ಸ್ ಆವರಣದ ಉಪಾಹಾರಗೃಹಗಳಲ್ಲಿ ಹತ್ತಿದ ಬೆಂಕಿಗೆ 14 ಜನ ಬಲಿಯಾದರು. ಇವನ್ನು ಕೇವಲ ಆಕಸ್ಮಿಕಗಳೆನ್ನುವುದು ಕಠಿನ.

ಇದಕ್ಕೆ ಪ್ರತಿಯಾಗಿ ಬೇರೊಂದು ಪ್ರಯೋಗವೂ ಅದೇ ಪೇಟೆಯಲ್ಲಿ ನಡೆದಿದೆ. 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ 160 ಚದರ ಅಡಿಯ ಕೋಣೆಗಳ ನಿವಾಸಿಗಳಿಗೆ ಅದೇ ನೆಲದಲ್ಲಿ 500 ಚದರ ಅಡಿಯ ಮನೆಗಳನ್ನು ಕೊಡುವ ಯೋಜನೆಯಲ್ಲಿ, 2025ರ ಆಗಸ್ಟಿನಲ್ಲಿ ವರಳಿಯ ಮೊದಲ 556 ಕುಟುಂಬಗಳಿಗೆ ಕೀಲಿಕೈ ದೊರೆಯಿತು. ಎತ್ತರದ ಗೋಪುರದ ನಿರ್ವಹಣೆಯ ವೆಚ್ಚವನ್ನು ಅವರು ಎಷ್ಟು ಕಾಲ ತಾಳಿಕೊಂಡಾರು, ಚಾಳಿನ ಸಾಲುಮೊಗಸಾಲೆಯ ನೆರೆಹೊರೆಯು ಅಲ್ಲಿ ಉಳಿದೀತೇ ಎಂಬ ಸಂದೇಹಗಳು ಇದ್ದೇ ಇವೆ. ಆದರೂ ಇಲ್ಲಿಯ ಲೆಕ್ಕವು ಖಾಲಿ ನೆಲದಿಂದಲ್ಲ, ವಾಸವಾಗಿದ್ದ ಜನರಿಂದ ಆರಂಭವಾಯಿತೆಂಬುದು ಮುಖ್ಯ. ತಾತ್ಕಾಲಿಕ ವಸತಿಯು ಇಲ್ಲಿ ನಿಜವಾದ ಬಾಲಾಲಯವಾಯಿತು.

ಹೊರನಾಡ ಕನ್ನಡಿಗರಾದ ನಾವು ಈ ವಿಷಯದಲ್ಲಿ ಕೇವಲ ಪ್ರೇಕ್ಷಕರಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ಯಿಂದ ಜಯಂತ ಕಾಯ್ಕಿಣಿಯವರ ಕತೆಗಳವರೆಗೆ ಈ ನಗರವು ಕನ್ನಡಕ್ಕೆ ದೊಡ್ಡ ಸಾಹಿತ್ಯವನ್ನು ಕೊಟ್ಟಿದೆ. ನಮ್ಮ ಸಂಶೋಧನೆಯಾದರೋ ಈ ನಗರದ ಶ್ರಮಿಕರ ಬಾಯಿಮಾತಿನ ಕಡೆಗೆ ಇನ್ನೂ ಸಾಕಷ್ಟು ಕಿವಿಗೊಟ್ಟಿಲ್ಲ. ಹಳೆಯ ಹೋಟೆಲಿನ, ರಾತ್ರಿಶಾಲೆಯ, ಚಾಳಿನ ನೆನಪುಳ್ಳ ಹಿರಿಯರು ನಮ್ಮ ನಡುವೆಯೇ ಇದ್ದಾರೆ. ಅವರ ಮಾತು ಬರಹಕ್ಕಿಳಿಯದೆ ಹೋದಲ್ಲಿ, ನಾಳೆಯ ನಿಯಮಕರ್ತನು ಆ ಜಾಗಗಳನ್ನೂ ಖಾಲಿಯೆಂದೇ ಬರೆದುಕೊಂಡಾನು. ಆಗ ಅದನ್ನು ಅಲ್ಲಗಳೆಯಲು ನಮ್ಮ ಕೈಯಲ್ಲಿ ಒಂದು ಹಾಳೆಯೂ ಇರಲಾರದು.