ಆರು ದಿನಗಳ ಪವಾಡ, ಹದಿಮೂರು ವರ್ಷಗಳ ಮೌನ

ದಾವಣಗೆರೆ, ಹರಿಹರದಂಥ ನಮ್ಮ ಊರುಗಳ ವೃತ್ತಗಳಲ್ಲಿ ಸಾಮಾನ್ಯ ಸಿಪಾಯಿಯೊಬ್ಬನ ಚಿತ್ರ ಕಾಣಿಸಿಕೊಳ್ಳುವುದು ಆತ ಸತ್ತ ಮೇಲೆಯೇ. ಪತ್ರಿಕೆ, ಟಿ.ವಿ.ಗಳೂ ಅಷ್ಟೇ. ಯೋಧನ ಕತೆಯನ್ನು ನಾವು ಸಾವಿನಿಂದ ಆರಂಭಿಸುತ್ತೇವೆ. ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಬಗ್ಗೆ 2016ರಲ್ಲಿ ಬಂದ ಬರಹ, ವರದಿಗಳನ್ನು ನೆನೆದಾಗ ಈ ದೋಷ ಎದ್ದು ಕಾಣುತ್ತದೆ.

ಆ ವರ್ಷ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೇನಾ ನೆಲೆಯ ಮೇಲೆ ಹಿಮ ಕುಸಿಯಿತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಆ ನೆಲೆಯಲ್ಲಿದ್ದ ಹತ್ತು ಮಂದಿ ಹೂತುಹೋದರು. ಆರನೆಯ ದಿನ ಹನುಮಂತಪ್ಪ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಜಾತಿ ಮತದ ಭೇದವಿಲ್ಲದೆ ದೇಶ ಪ್ರಾರ್ಥಿಸಿತು. ಅದು ನಿಜ, ಅದು ದೊಡ್ಡದು. ಆದರೆ ಎಲ್ಲೆಡೆ ಕೇಳಿಬಂದ ಪದ ಒಂದೇ: ಪವಾಡ. ಆ ಪದ ಮನುಷ್ಯನನ್ನು ಮರೆಮಾಡಿತು.

ಆ ಆರು ದಿನಗಳಿಗೆ ಮೊದಲು ಹದಿಮೂರು ವರ್ಷಗಳ ಸೇವೆಯಿತ್ತು. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಈ ಹುಡುಗ ಆರು ಕಿಲೋಮೀಟರ್ ನಡೆದು ಶಾಲೆಗೆ ಹೋಗುತ್ತಿದ್ದ. ಭರ್ತಿಯಲ್ಲಿ ಮತ್ತೆ ಮತ್ತೆ ತಿರಸ್ಕೃತನಾದರೂ ಬಿಡದೆ 2002ರಲ್ಲಿ ಸೇನೆ ಸೇರಿದ. 2003ರಿಂದ 2006ರವರೆಗೆ ಜಮ್ಮು-ಕಾಶ್ಮೀರದ ಮಹೋರ್, 2008ರಿಂದ 2010ರವರೆಗೆ ರಾಷ್ಟ್ರೀಯ ರೈಫಲ್ಸ್, ನಂತರ ಎರಡು ವರ್ಷ ಈಶಾನ್ಯ ಭಾರತ, 2015ರಲ್ಲಿ ಸಿಯಾಚಿನ್. ಹದಿಮೂರರಲ್ಲಿ ಹತ್ತು ವರ್ಷ ಕಳೆದದ್ದು ಅಪಾಯದ ತಾಣಗಳಲ್ಲಿ. ಸಾಯುವಾಗ ವಯಸ್ಸು 33. ಮನೆಯಲ್ಲಿ ಎಳೆಯ ಮಗಳಿದ್ದಳು. ಈ ಬದುಕಿಗೆ ಸಿಕ್ಕಿದ್ದು ವರದಿಯ ಕೊನೆಯ ಎರಡು ಸಾಲು.

ಉಳಿದ ಒಂಬತ್ತು ಮಂದಿಗೆ ಅದೂ ದಕ್ಕಲಿಲ್ಲ. ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ ನಮ್ಮವರೇ. ಕರ್ನೂಲು ಜಿಲ್ಲೆಯ ಸಿಪಾಯಿ ಮುಷ್ತಾಕ್ ಅಹ್ಮದ್ ಕೂಡ ಅಲ್ಲಿದ್ದರು. ಮುಸ್ಲಿಮರ ದೇಶನಿಷ್ಠೆಗೆ ಪದೇ ಪದೇ ಪುರಾವೆ ಕೇಳುವವರು ಆ ಹೆಸರನ್ನು ಎಷ್ಟು ಸಲ ಉಚ್ಚರಿಸಿದರು? ಪುರಾವೆಗಾಗಿ ಅವರನ್ನು ಎತ್ತಿ ತೋರಿಸುವುದೂ ನಮಗೆ ಇಷ್ಟವಿಲ್ಲ. ಒಂದೇ ಡೇರೆಯ ಬದುಕನ್ನು ಹಂಚಿಕೊಂಡವರನ್ನು ಒಟ್ಟಾಗಿ ನೆನೆಯಬೇಕಿತ್ತು ಎಂಬುದಷ್ಟೇ ನಮ್ಮ ತಕರಾರು.

ಅದೇ ವಾರ ಜೆ.ಎನ್.ಯು. ವಿವಾದ ಸಿಡಿಯಿತು. ಸಿಯಾಚಿನ್ ಎಂಬ ಹೆಸರು ವಿದ್ಯಾರ್ಥಿಗಳ ಬಾಯಿ ಮುಚ್ಚಿಸುವ ಬೆತ್ತವಾಯಿತು. ನವೆಂಬರಿನಲ್ಲಿ ನೋಟು ರದ್ದಾದಾಗ ಬ್ಯಾಂಕಿನ ಮುಂದೆ ಸಾಲುನಿಂತು ಬಳಲಿದವರ ಮೇಲೂ ಗಡಿಯ ಯೋಧನ ಹೆಸರಿನ ಬೆತ್ತವೇ ಬೀಸಿತು. ಆದರೆ ಯೋಧನ ಬಗ್ಗೆ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದವರು ಕಡಿಮೆ. 1984ರಿಂದ ಎರಡೂ ದೇಶಗಳ ಸೈನಿಕರು ಆ ನೀರ್ಗಲ್ಲಿನ ಮೇಲೆ ಎದುರುಬದುರಾಗಿದ್ದಾರೆ. ಅಲ್ಲಿ ಗುಂಡಿಗಿಂತ ಹೆಚ್ಚು ಮಂದಿಯನ್ನು ಕೊಂದಿರುವುದು ಹವಾಮಾನ. 2012ರಲ್ಲಿ ಪಾಕಿಸ್ತಾನದ ಗಯಾರಿ ನೆಲೆಯಲ್ಲಿ ಹಿಮಕುಸಿತಕ್ಕೆ 140 ಮಂದಿ ಬಲಿಯಾದರು. ಈ ಬೆಲೆ ಎಷ್ಟು ಕಾಲ ತೆರಬೇಕು ಎಂದು ಕೇಳುವುದು ಯೋಧನಿಗೆ ಮಾಡುವ ಅವಮಾನವೇ?

ಈ ಮಾತು ದಾವಣಗೆರೆ, ಹರಿಹರಕ್ಕೆ ದೂರದ್ದಲ್ಲ. ಇಲ್ಲಿಯ ಹತ್ತಿ ಗಿರಣಿಗಳ ಸದ್ದಡಗಿದೆ, ಅಲ್ಲಿಯ ಮೈಸೂರು ಕಿರ್ಲೋಸ್ಕರ್ ಮುಚ್ಚಿದೆ. ಕೂಲಿಕಾರರ, ಸಣ್ಣ ರೈತರ ಮಕ್ಕಳಿಗೆ ಸೇನೆಯೆಂದರೆ ದೇಶಪ್ರೇಮವೂ ಹೌದು, ಮನೆ ನಡೆಸುವ ಸಂಬಳವೂ ಹೌದು. ಎರಡನೆಯದನ್ನು ಹೇಳಿದರೆ ಮೊದಲನೆಯದು ಕುಗ್ಗುವುದಿಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆ ಸೇವಾವಧಿಯನ್ನು ನಾಲ್ಕು ವರ್ಷಕ್ಕೆ ಇಳಿಸಿ, ಆಮೇಲೆ ನೂರಕ್ಕೆ 25 ಮಂದಿಯನ್ನಷ್ಟೇ ಉಳಿಸಿಕೊಳ್ಳುವುದೆಂದಿತು. ಆ ಲೆಕ್ಕದಲ್ಲಿ ಹನುಮಂತಪ್ಪ 2006ರಲ್ಲೇ ಬೆಟದೂರಿಗೆ ಮರಳಬೇಕಾಗಿತ್ತೇನೋ. ಬೆಳಗಿನ ಜಾವ ಮೈದಾನದಲ್ಲಿ 1.6 ಕಿಲೋಮೀಟರ್ ಓಟದ ಅಭ್ಯಾಸ ಮಾಡುವ ಹುಡುಗರಿಗೆ ಇದು ಬದುಕಿನ ಪ್ರಶ್ನೆ.

ನಮ್ಮ ಬರಹಗಾರರು ಮುಂದಿನ ಸಾವಿಗಾಗಿ ಕಾಯುವುದು ಬೇಡ. ನಿವೃತ್ತ ಹವಾಲ್ದಾರರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರು. ಅವರ ಮನೆಯ ಬಾಗಿಲು ತಟ್ಟಿ, ಕೂತು, ಅವರು ಹೇಳುವುದನ್ನು ಕೇಳಿ ಬರೆಯಲಿ.